ಬಂದೂಕಿನ ಮುಂದೆ ಆಡಿದ ಮಾತು

“ಅದರ ಮುಂದ ಏನೂ ಹೇಳಬ್ಯಾಡ ತಂಗಿ. ನೋಡು, ಫೋಟೋ ಹೊಡಕೋ, ಸುಮ್ನ ಹೊರಗ ಬಾ. ಮಾತು ಮಾತ್ರ ಆಡಬ್ಯಾಡ.”

ಇಷ್ಟು ಹೇಳಿ ಲಕ್ಕವ್ವ ಕಾಳಿನ ಕೋಣೆಯ ಹೊಸ್ತಿಲಿಗೆ ಈಚೆಯೇ ನಿಂತುಬಿಟ್ಟಳು. ಎಪ್ಪತ್ತೈದು ದಾಟಿದ ಮುದುಕಿ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಸ್ವಂತ ಮನೆಯ ಕೋಣೆಯೊಳಗೆ ಕಾಲಿಡಲು ಹೆದರುವ ಹೆಂಗಸನ್ನು ಅನುರಾಧಾ ಇದೇ ಮೊದಲು ನೋಡಿದ್ದು.

“ಬಂದೂಕಿಗಿ ಕಿವಿ ಇರತಾವೇನ್ರಿ ಅಮ್ಮಾರ?”

“ನಗು, ನಗು. ನಾನೂ ಸೊಸಿಯಾಗಿ ಬಂದಾಗ ನಕ್ಕಿದ್ದೆ.”

ನಗುವುದಕ್ಕೂ ಅನುರಾಧಾಳಲ್ಲಿ ತ್ರಾಣ ಉಳಿದಿರಲಿಲ್ಲ. ತನ್ನೂರು ಯಮಕನಮರಡಿಯಿಂದ ಮೇಲವಂಕಿಗೆ ಇದು ಅವಳ ಮೂರನೆಯ ಸುತ್ತು. ಮೊದಲ ಸಲ ಮನೆಯ ಯಜಮಾನ, ಲಕ್ಕವ್ವನ ಮಗ ಕಾಶಿನಾಥ, ಮೂಡಲಗಿಯ ತನ್ನ ಪೈಪಿನ ಅಂಗಡಿಯಿಂದ ಬರಲೇ ಇಲ್ಲ. ಎರಡನೆಯ ಸಲ ಕೋಣೆಯ ಕೀಲಿ ಸಿಗಲಿಲ್ಲ. ಇತಿಹಾಸದಲ್ಲಿ ಎಂ.ಎ. ಮುಗಿಸಿ ಎರಡು ವರ್ಷ ಅರ್ಜಿ ಹಾಕಿ ಹಾಕಿ, ಕೊನೆಗೆ ಗೋಕಾಕದ ವ್ಯಾಪಾರಿಯೊಬ್ಬರು ಕಟ್ಟುತ್ತಿದ್ದ ಖಾಸಗಿ ಸಂಗ್ರಹಾಲಯದಲ್ಲಿ ಅವಳಿಗೊಂದು ತಾತ್ಕಾಲಿಕ ಕೆಲಸ ಸಿಕ್ಕಿತ್ತು. ಹಳೆಯ ವಸ್ತುಗಳ ಪಕ್ಕ ತೂಗುಹಾಕುವ ಫಲಕಗಳಿಗೆ ಅವುಗಳ ಇತಿಹಾಸ ಬರೆಯಬೇಕು. ದೀಪ, ಕೊಳಗ, ಪಲ್ಲಕ್ಕಿಯ ದಂಡಿಗೆ, ಎಲ್ಲ ಮುಗಿದಿತ್ತು. ಉಳಿದದ್ದು ಈ ಮನೆಯವರು ಕೊಡಲು ಒಪ್ಪಿದ್ದ ಬೇಟೆಯ ಬಂದೂಕು ಒಂದೇ. ಅದರ ಇತಿಹಾಸವನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

“ಒಂದೆರಡು ಮಾತರೇ ಹೇಳ್ರಿ ಅಮ್ಮಾರ. ಯಾರು ತಂದ್ರು, ಏನ್ ಹೊಡದ್ರು…”

“ಏನೂ ಹೊಡದಿಲ್ಲ. ನಮ್ಮದು ಲಿಂಗಾ ಕಟ್ಟಿಕೊಂಡ ಮನಿ. ಇರುವಿ ಸುದ್ದಾ ತುಳಿಯಂಗಿಲ್ಲ.” ಲಕ್ಕವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ದನಿ ಇಳಿಯಿತು. “ಖಂಡೇನವಮಿಗಿ ಎಲ್ಲಾರೂ ಕೊಡ್ಲಿ ಕುಡಗೋಲು ತೊಳದು ಪೂಜಿ ಮಾಡ್ತಾರ. ಇದಕ್ಕ ನಾವು ಪೂಜಿ ಮಾಡಂಗಿಲ್ಲ. ಮನಿ ಹಿರಿಯಾಂವ ಇದರ ಮುಂದ ಕುಂತು, ‘ನೀ ಯಾರನ್ನೂ ಕೊಂದಿಲ್ಲ’ ಅಂತಾನ. ಎದ್ದು ಬರ್ತಾನ. ವರ್ಷಕ್ಕ ಅದೊಂದ ಮಾತು. ಬ್ಯಾರೆ ಏನ್ ಹೇಳಿದ್ರೂ ಅದು ಆಗತೈತಿ.”

“ಏ ಅವ್ವಾ, ಮೇಡಮ್ಮಗ ಅಂಜಸಬ್ಯಾಡ!” ಪಡಸಾಲೆಯಿಂದ ಕಾಶಿನಾಥ ಕೂಗಿದ. “ಒಳಗಿನ ಗುಂಡು ಹಾರಸೂ ಪಿನ್ನು ತಗಸೇನಿ, ಠಾಣೇದ ಕಾಗದ ಐತಿ. ಈಗದು ಬರೇ ಒಂದು ಬಡಿಗಿ. ಸೋಮವಾರ ಗಾಡಿ ಬರತೈತಿ, ಒಯ್ದಬಿಡ್ರಿ ಅತ್ಲಾಗ.”

ಅನುರಾಧಾ ಒಳಗೆ ಹೋದಳು.

ಮಧ್ಯಾಹ್ನದ ಮೂರು ಗಂಟೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಒಳಗೆ ಮಾತ್ರ ಹೂಳಿಟ್ಟ ಕತ್ತಲು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹಳೆಯ ಜೋಳದ ದೂಳು, ಇಲಿಯ ಹಿಕ್ಕೆ, ಹರಳೆಣ್ಣೆಯ ಕಮಟು. ಅದರಡಿಯಲ್ಲಿ ಇನ್ನೊಂದು ವಾಸನೆ: ಈಗಷ್ಟೇ ಸಿಡಿದ ಪಟಾಕಿಯದು. ಗೂಡಿನಲ್ಲಿ ಬಂದೂಕು ಅಡ್ಡ ಮಲಗಿತ್ತು. ಟಾರ್ಚಿನ ಬೆಳಕಿಗೆ ಅದರ ಕಟ್ಟಿಗೆ, ಕೆನ್ನೆ ಒರಗಿ ಒರಗಿ ನುಣುಪಾದ ಕಡೆ, ಮಿನುಗಿತು. ಕೈ ಹಿಡಿಯುವಲ್ಲಿ ಕೆತ್ತನೆಯೆಲ್ಲ ಸವೆದು ಮನುಷ್ಯನ ಚರ್ಮದಂತಾಗಿತ್ತು. ತೊಗಲಿನ ಪಟ್ಟಿ ಒಣಗಿ ಸೆಟೆದಿತ್ತು. ನಳಿಗೆಯ ಬಾಯಿಗೆ ಕಪ್ಪು ಅರಗು ಬಡಿದು ಮುಚ್ಚಿದ್ದರು. ಇಷ್ಟೊಂದು ಸವೆದದ್ದು ಏನನ್ನೂ ಹೊಡೆದಿಲ್ಲವಂತೆ! ಅವಳಿಗೆ ರೇಗಿತು.

ಫೋನು ನಡುಗಿತು. ಸಂಗ್ರಹಾಲಯದ ಮ್ಯಾನೇಜರ್ ಸ್ವಪ್ನಿಲ್.

“ಮೇಡಂ, ಬಂದೂಕಿನ ಬೋರ್ಡು ಇವತ್ತ ಪ್ರೆಸ್ಸಿಗಿ ಹೋಗಬೇಕ್ರಿ. ಸಂಜೀತನಾ ಕಳಸ್ರಿ, ಇಲ್ಲಾಂದ್ರ ನಾ ಬ್ಯಾರೇದವರ ಕಡಿಂದ ಬರಸ್ತೇನಿ.”

“ಮನಿಯವರು ಏನೂ ಹೇಳವಲ್ರು ಸರ್.”

“ಹೇಳದಿದ್ರ ನೀವ ಹೇಳ್ರಿ! ಯಾರ್ ಬಂದು ಪರೀಕ್ಷೆ ಮಾಡ್ತಾರ? ಮಂದಿಗಿ ಮೈ ಜುಂ ಅನ್ನೂವಂಥಾ ಕತಿ ಬೇಕು, ಅಷ್ಟ.”

ಅನುರಾಧಾಳ ಅಪ್ಪ ದುರ್ಗಪ್ಪ ಮಕ್ಕಳಿಗೆ ದೆವ್ವದ ಹೆದರಿಕೆ ಹಾಕಿದವರಲ್ಲ. ಬುದ್ಧವಂದನೆ ಬಿಟ್ಟು ಬೇರೆ ಮಂತ್ರ ಆ ಮನೆಯಲ್ಲಿ ಕೇಳಿಸುತ್ತಿರಲಿಲ್ಲ. ಮಾಟವೆಂದರೆ ಹೊಟ್ಟೆ ತುಂಬಿದವರ ಅಂಜಿಕೆ ಎಂದು ಅವರು ಹೇಳುವುದಿತ್ತು. ಅವಳು ಫೋನಿನಲ್ಲಿ ಮಾತನ್ನೇ ಅಕ್ಷರ ಮಾಡುವ ಗುಂಡಿ ಒತ್ತಿದಳು. ಬೆರಳಿನಿಂದ ಕನ್ನಡ ಟೈಪು ಮಾಡುತ್ತ ಕೂತರೆ ಐದರ ಬಸ್ಸು ತಪ್ಪುತ್ತದೆ. ನಾಚಿಕೆಯ ಹುಡುಗಿ, ನಾಲ್ಕು ಜನರೆದುರು ದನಿ ಏರುವುದಿಲ್ಲ. ಬಂದೂಕಿನ ಎದುರು ಏರಿತು. ಒಂದೊಂದೇ ಮಾತು ಬಿಡಿಸಿ, ಸ್ಪಷ್ಟವಾಗಿ ಹೇಳಿದಳು:

“ಕಬ್ಬಿಗೆ ಹಂದಿ ನುಗ್ಗಿತ್ತು. ಎಡಗಾಲು ಎಳೆದು ನಡೆಯುವ ಮುದುಕನೊಬ್ಬ ಹಲಗೆ ಬಾರಿಸುತ್ತ ಅದನ್ನು ಸೋಹಿ ಹೊರಗಟ್ಟಲು ಹೋದ. ಮೊದಲ ದಿನ ಕೂಗಿ ಕೂಗಿ ಅವನ ದನಿ ಹೋಯಿತು. ಎರಡನೆಯ ದಿನ ಗುಂಡಿನ ಸದ್ದಿಗೆ ಕಿವಿ ಎರಡೂ ಕೇಳದಾದವು. ಮೂರನೆಯ ದಿನ ನಡುಮಧ್ಯಾಹ್ನ ಕಬ್ಬು ಅಲುಗಾಡಿತು. ಹಂದಿಯೆಂದು ಬೇಟೆಗಾರ ಗುರಿಯಿಟ್ಟ. ಗುರಿ ತಪ್ಪಲಿಲ್ಲ.”

ಎಡಗಾಲು ಎಳೆದು ನಡೆಯುವವನು ಎಲ್ಲಿಂದ ಬಂದ? ಹೇಳುವಾಗ ಕಣ್ಣೆದುರಿಗೆ ಬಂದವನು ಬಂದ. ಲಾರಿಯ ಗಾಲಿಗೆ ಸಿಕ್ಕಂದಿನಿಂದ ಅವಳ ಅಪ್ಪ ಎಡಗಾಲು ಎಳೆಯುತ್ತಿದ್ದರು. ಅದನ್ನವಳು ಯೋಚಿಸಲೂ ಇಲ್ಲ.

ಮಾತು ನಿಂತಿತು. ಗೂಡಿನೊಳಗೆ ಟಕ್ ಎಂದಿತು. ಕಬ್ಬಿಣಕ್ಕೆ ಕಬ್ಬಿಣ ಕೂತ ಸದ್ದು.

ಹೊಸ್ತಿಲಲ್ಲಿ ಲಕ್ಕವ್ವ ಎರಡೂ ಕಿವಿ ಮುಚ್ಚಿಕೊಂಡು ಕುಸಿದು ಕೂತಿದ್ದಳು. “ಏನ್ ಹೇಳಿದಿ? ಯಾರ್ನ ಹೇಳಿದಿ?”

“ಯಾರ್ನೂ ಇಲ್ರಿ ಅಮ್ಮಾರ. ಸುಮ್ನ ಕತಿ.”

ಆ ಶುಕ್ರವಾರ ಸಂಜೆಯೇ ಫಲಕದ ಬರಹ ಗೋಕಾಕಕ್ಕೆ ಹೋಯಿತು. ಸ್ವಪ್ನಿಲ್ ಹೆಬ್ಬೆರಳಿನ ಚಿತ್ರ ಕಳಿಸಿದ.

ಶನಿವಾರ ಬೆಳಿಗ್ಗೆ ಮನೆಯಲ್ಲಿ ವಂದನೆ ಕೇಳಿಸಲಿಲ್ಲ. ದುರ್ಗಪ್ಪ ಕಾರ್ಖಾನೆಯ ಗೇಟಿನಲ್ಲಿ ಮೂವತ್ತು ವರ್ಷ ವಾಚಮನ್ ಆಗಿದ್ದವರು. ಅವರ ದನಿಗೆ ಓಣಿ ಏಳುತ್ತಿತ್ತು. ಅಂದು ಅವರು ಬುದ್ಧನ ಫೋಟೋದ ಮುಂದೆ ಕೈ ಮುಗಿದು ಬಾಯಿ ಆಡಿಸುತ್ತಿದ್ದರು. ಗಾಳಿ ಮಾತ್ರ ಹೊರಡುತ್ತಿತ್ತು. ಹುಕ್ಕೇರಿಯ ದವಾಖಾನೆಯಲ್ಲಿ ಎರಡು ತಾಸು ಪಾಳಿ ಹಚ್ಚಿದ ಮೇಲೆ ಡಾಕ್ಟರು ಗಂಟಲಿಗೆ ಬ್ಯಾಟರಿ ಬಿಟ್ಟು, “ಏನೂ ಕಾಣವಲ್ದು. ಬಿಸಿನೀರು ಕುಡೀಲಿ” ಎಂದರು.

ರವಿವಾರ ಅಡುಗೆಮನೆಯಲ್ಲಿ ಅವಳ ಕೈಯಿಂದ ತಾಟು ಜಾರಿತು. ಮನೆಯೆಲ್ಲ ಝಣಗುಟ್ಟಿತು. ಎರಡು ಮಾರು ದೂರದಲ್ಲಿ ಪೇಪರು ಓದುತ್ತಿದ್ದ ದುರ್ಗಪ್ಪ ತಲೆ ಎತ್ತಲಿಲ್ಲ.

“ಅಪ್ಪಾ!”

ಹಾಳೆ ತಿರುವಿದರು.

“ಅಪ್ಪಾ!” ಕಿವಿಯ ಹತ್ತಿರವೇ ಕೂಗಿದಳು. ಅವರು ಅವಳ ಉಸಿರು ತಾಗಿ ತಿರುಗಿದರು. ಎರಡೂ ಕಿವಿಗೆ ಕೈ ತೋರಿಸಿ, ಇಲ್ಲವೆಂದು ತಲೆಯಾಡಿಸಿದರು. ಅವರ ಅಂಗಿಯಿಂದ ಪಟಾಕಿಯ ವಾಸನೆ ಬಂತು.

ಅನುರಾಧಾ ಫೋನು ತೆಗೆದು ತನ್ನದೇ ಬರಹ ಓದಿದಳು. ಮೊದಲ ದಿನ ದನಿ. ಎರಡನೆಯ ದಿನ ಕಿವಿ. ಮೂರನೆಯ ದಿನ ನಡುಮಧ್ಯಾಹ್ನ.

“ಏನ್ ಓದಾಕತ್ತಿ ಅಷ್ಟು ಹೆದರಿ?” ಜೋಳ ಹಸನು ಮಾಡುತ್ತಿದ್ದ ಕೆಂಪವ್ವ ಕೇಳಿದಳು. ದುರ್ಗಪ್ಪನ ತಾಯಿ, ಎಂಬತ್ತೈದರ ಹತ್ತಿರ ಬಂದರೂ ಕಣ್ಣು ಚುರುಕು. ಅನುರಾಧಾ ಅವಳಿಗೆ ಎಲ್ಲ ಹೇಳಿದಳು. ಬರೆದದ್ದನ್ನೂ ಓದಿದಳು. ಮುದುಕಿಯ ಕೈ ಮೊರದಲ್ಲೇ ನಿಂತಿತು.

“ಯಾವೂರ ಬಂದೂಕದು?”

“ಮೇಲವಂಕೀದು, ಆಯಿ. ಗುರುಲಿಂಗಪ್ಪನವರ ಮನೀದು.”

“ಅದು ನನ್ನ ತವರು.” ಕೆಂಪವ್ವ ಮೊರವನ್ನು ಕೆಳಗಿಟ್ಟಳು. “ನೀ ಬರದದ್ದು ಕತಿ ಅಲ್ಲ. ನನ್ನ ಅಪ್ಪ ಹಂಗ ಸತ್ತಾಂವ, ಎಪ್ಪತ್ತೆಂಟು ವರ್ಷದ ಹಿಂದ. ನನಗಾಗ ಐದ ವರ್ಷ. ಹಲಗಿ ಬಡಕೋತ ಕಬ್ಬಿನಾಗ ಹೋಗಿದ್ದ. ಗುರುಲಿಂಗಪ್ಪ ಹಂದಿ ಅಂತ ಹೊಡದ. ಲಿಂಗಾ ಕಟ್ಟಿಕೊಂಡಾಂವ ಕದ್ದು ಬ್ಯಾಟಿ ಆಡತಿದ್ದನಲ್ಲ, ಹೊರಗ ಬರಬಾರದಿತ್ತು. ಕುಡಗೋಲ ಮ್ಯಾಲ ಬಿದ್ದು ಸತ್ತ ಅಂದ ಫೌಜದಾರನ ಮುಂದ.”

“ಆಮ್ಯಾಲ?”

“ನಮ್ಮವ್ವ ಭರಮವ್ವ ಅವರ ಅಂಗಳದ ಕಸಾ ಹೊಡೀತಿದ್ಲು. ರಗತದ ಮಣ್ಣು ಒಂದು ಮುಷ್ಟಿ ನಳಿಗ್ಯಾಗ ತುಂಬಿ ಅರಗು ಬಡದ್ಲು. ‘ಇದರ ಮುಂದ ಏನ್ ಸುಳ್ಳು ಹೇಳ್ತೀರಿ, ಅದು ಖರೇ ಆಗಲಿ’ ಅಂದ್ಲು. ಫೌಜದಾರ ಮತ್ತ ಬಂದ. ಗುರುಲಿಂಗಪ್ಪ ಬಂದೂಕು ಹೆಗಲಿಗಿ ಹಾಕ್ಕೊಂಡು ಮತ್ತ ಅದ ಮಾತು ಅಂದ. ವರ್ಷ ತುಂಬೂದ್ರಾಗ ಅವನ ಹಿರೇಮಗ ಕುಡಗೋಲ ಮ್ಯಾಲ ಬಿದ್ದು ಸತ್ತ.”

“ನಮ್ಮವರ ಮಾಟ ನಮಗ ಹತ್ತತೈತೇನ ಆಯಿ?”

“ಮಾಟಕ್ಕ ಬಳಗ ಗೊತ್ತಿರತೈತೇನ?”

“ಇದನ್ನ ನೀ ಒಂದಿನಾನೂ ಹೇಳಲಿಲ್ಲಲ್ಲ!”

“ಏನಂತ ಹೇಳ್ಲಿ? ಮೊದಲ ಅವನ ಮಾರಿ ಮರತೆ. ಆಮ್ಯಾಲ ದನಿ. ಹೆಗಲ ಮ್ಯಾಲ ಕುಂಡ್ರಸ್ಕೊಂಡು ಹಳ್ಳಕ್ಕ ಒಯ್ತಿದ್ನಂತ, ಅವ್ವ ಹೇಳ್ತಿದ್ಲು; ನನಗಿದ್ದ ಆ ನೆನಪೂ ಹ್ವಾದ್ವರ್ಷ ಹೋತು. ಪ್ರತಿ ವರ್ಷ ಖಂಡೇನವಮಿ, ಬನ್ನಿಹಬ್ಬ ಮುಗಿಯೂದ್ರಾಗ ಒಂದೊಂದು ಹೋಗತೈತಿ. ಮುಪ್ಪು ಅಂತ ಸುಮ್ನಾಗೇನಿ. ಈಗ ಹೆಸರೊಂದ ಉಳದೈತಿ.”

ನೀ ಯಾರನ್ನೂ ಕೊಂದಿಲ್ಲ. ಖಂಡೇನವಮಿಯ ಆ ಮಾತು ಅನುರಾಧಾಳ ತಲೆಯಲ್ಲಿ ತಣ್ಣಗೆ ಹೊರಳಿತು. ಬಂದೂಕಿನ ಮುಂದೆ ಹೇಳಿದ್ದು ಆಗುತ್ತದೆ. ಅದು ಯಾರನ್ನೂ ಕೊಂದಿಲ್ಲವಾದರೆ ಸತ್ತವನು ಇರಲೇ ಇಲ್ಲ; ಸತ್ತವನಿಲ್ಲವಾದರೆ ಆ ರಕ್ತದ ಮಣ್ಣೂ ಇಲ್ಲ, ಮಾಟವೂ ಇಲ್ಲ. ಎಪ್ಪತ್ತೆಂಟು ವರ್ಷಗಳಿಂದ ಆ ಮನೆಯವರು ಒಬ್ಬ ಮನುಷ್ಯನನ್ನು ಸ್ವಲ್ಪ ಸ್ವಲ್ಪವೇ ಅಳಿಸುತ್ತ ಬಂದಿದ್ದರು.

ಅವಳು ಕಾಶಿನಾಥನಿಗೆ ಫೋನು ಹಚ್ಚಿ, ಬಂದೂಕನ್ನು ಗಾಡಿಗೆ ಕೊಡಬೇಡಿ ಎಂದಳು. ಅವನು ನಕ್ಕ. ಮತ್ತೆ ಹಚ್ಚಿದಳು. ಎತ್ತಲಿಲ್ಲ.

ಸೋಮವಾರ ನಸುಕಿನ ಬಸ್ಸು ಬರಲಿಲ್ಲ. ಎರಡನೆಯದು ಗೋಕಾಕದವರೆಗೆ ಮಾತ್ರ. ಅಲ್ಲಿ ಮುಕ್ಕಾಲು ತಾಸು ನಿಂತು, ಟಂಟಂ ರಿಕ್ಷಾ ಹಿಡಿದು ಮೇಲವಂಕಿ ಮುಟ್ಟುವಾಗ ಹತ್ತೂವರೆ. ಕಾಳಿನ ಕೋಣೆಯ ಬಾಗಿಲು ತೆರೆದಿತ್ತು. ಗೂಡು ಖಾಲಿ.

“ಗಾಡಿ ಬಂದು ಒಯ್ತು,” ಲಕ್ಕವ್ವ ಅಂದಳು. “ಹತ್ತ ಮಿನಿಟ್ ಆಗಿಲ್ಲ.”

ಅದೇ ದಾರಿಯಲ್ಲಿ ಎದುರಾಗಿ ಹಾದುಹೋಗಿತ್ತು. ಅನುರಾಧಾಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. “ನಾ ಹೇಳಿದ್ದು ನಮ್ಮಪ್ಪಗ ಆಗಾಕತ್ತೈತ್ರಿ ಅಮ್ಮಾರ. ಇವತ್ತ ಮೂರನೇ ದಿನ. ನಿಮ್ಮ ಆ ಮಾತು ನಾ ಅಂದ್ರ ಕೇಳತೈತೇನ್ರಿ?”

“ಕೇಳತೈತಿ. ಸಾವಕಾಶ ಕೇಳತೈತಿ, ವರ್ಷಕ್ಕ ಒಂದಿಷ್ಟು. ಲಗೂ ಆಗಬೇಕಂದ್ರ ಸತ್ತಾಂವನ ಹೆಸರು ಹಿಡದು ಅನ್ನಬೇಕಂತ. ನಮ್ಮತ್ತಿ ಹೇಳತಿದ್ರು.” ಲಕ್ಕವ್ವ ನೆಲ ನೋಡಿದಳು. “ಅವನ ಹೆಸರು ನಮ್ಮ ಮನ್ಯಾಗ ಯಾರಿಗೂ ಗೊತ್ತ ಇದ್ದಿಲ್ಲ.”

“ಎಪ್ಪತ್ತೆಂಟು ವರ್ಷ! ಒಬ್ಬರೂ ಕೇಳಲಿಲ್ಲೇನ್ರಿ?”

ಲಕ್ಕವ್ವ ಕೋಣೆಯ ಬಾಗಿಲು ಎಳೆದು ಚಿಲಕ ಹಾಕಿದಳು.

ಗೋಕಾಕದ ಕಡೆಗೆ ಟಂಟಂ. ಹೆಜ್ಜೆಗೊಂದು ಕಬ್ಬಿನ ಟ್ರ್ಯಾಕ್ಟರು. ಹಿಂದಿಕ್ಕಲು ಜಾಗವಿಲ್ಲ. ಹನ್ನೊಂದೂವರೆಗೆ ಕೆಂಪವ್ವನ ಫೋನು ಬಂತು.

“ಅನು, ನಿಮ್ಮಪ್ಪ ಎದ್ದು ಹೊಂಟಾನವ್ವಾ. ಕಬ್ಬಿನ ಹೊಲದ ಕಡೆ ಹೊಂಟಾನ. ಕರದ್ರ ಕೇಳವಲ್ದು. ಕೈ ಹಿಡದ್ರ ಕೊಡವಿ ನಡದಾನ.”

“ಹಿಡಕೋ ಆಯಿ! ಯಾರಿಗರೇ ಕರಿ!”

“ಎಲ್ಲಾರೂ ಕೆಲಸಕ್ಕ ಹೋಗ್ಯಾರ. ನಾನ ಬೆನ್ನ ಹತ್ತೇನಿ.” ಏದುಸಿರು. ಕಬ್ಬಿನ ಒಣ ಗರಿಯ ರವದಿ ಸರಸರ ಎಂದಿತು.

“ಆಯಿ, ನನಗ ನಿಮ್ಮಪ್ಪನ ಹೆಸರು ಬೇಕು. ಹೇಳಿದ್ರ… ಹೇಳಿದ್ರ ಮತ್ತ ನಿನ್ನ ಹಂತ್ಯಾಕ ಅದು ಉಳಿಯಂಗಿಲ್ಲ. ನನ್ನ ಹಂತ್ಯಾಕೂ ಉಳಿಯಂಗಿಲ್ಲ. ಯಾರ ಹಂತ್ಯಾಕೂ.”

ಟಂಟಂ ಕುಲುಕುತ್ತಿತ್ತು. ಎದುರಿಗೆ ಕೂತ ಹೆಂಗಸು ಬಾಯಿ ತೆರೆದು ನೋಡುತ್ತಿದ್ದಳು.

“ಆಯಿ?”

“ಒಂದ ಸಲ ನಾ ಅವನ್ನ ಕರೀತೇನಿ, ತಡಿ,” ಕೆಂಪವ್ವ ಅಂದಳು. ಬಳಿಕ ಎಂಬತ್ತೈದರ ಆ ದನಿ ಐದು ವರ್ಷದ ಹುಡುಗಿಯದಾಗಿ “ಅಪ್ಪಾ” ಎಂದಿತು. “ಸತ್ತಾಂವ ಸತ್ತ. ಇದ್ದಾಂವ ಇರ್ಲಿ. ತಗೋ.”

ಹೆಸರು ಹೇಳಿದಳು. ಅನುರಾಧಾ ಅದನ್ನು ಬಾಯಲ್ಲಿ ಹಿಡಿದುಕೊಂಡು ಓಡಿದಳು.

ಸಂಗ್ರಹಾಲಯದ ಒಳಗೆ ಕತ್ತಲು. ದೀಪಗಳನ್ನು ಪರೀಕ್ಷಿಸಲು ಕಿಟಕಿಗಳಿಗೆಲ್ಲ ಕರಿ ಬಟ್ಟೆ ಬಿಗಿದಿದ್ದರು. ವಾರ್ನಿಶ್ ವಾಸನೆ. ಎಲ್ಲೋ ಗೋಡೆ ಕೊರೆಯುವ ಗರಗರ ಸದ್ದು.

“ಏನ್ರಿ ಮೇಡಂ, ಈಗ ಬಂದ್ರೇನ? ನಿಮ್ಮ ಬೋರ್ಡು ಮಸ್ತ್ ಆಗೇತಿ,” ಸ್ವಪ್ನಿಲ್ ಅಡ್ಡ ಬಂದ. “ಬರ್ರಿ, ಓದಿ ತೋರಸ್ತೇನಿ…”

“ಓದಬ್ಯಾಡ್ರಿ!”

ಅವಳ ದನಿಗೆ ಕೊರೆಯುವ ಸದ್ದೂ ನಿಂತಿತು. ಅವನನ್ನು ತಳ್ಳಿದಳು. ಮೇಜಿನ ಮೇಲೆ ಬಂದೂಕು. ಹತ್ತಿರ ಹೋದಂತೆ ಕಾವು. ಅರಗು ಕರಗಿ ನಳಿಗೆಯ ಬಾಯಿಂದ ಕಪ್ಪಗೆ ಜಿನುಗುತ್ತಿತ್ತು. ಹಸಿ ಮಣ್ಣಿನ ವಾಸನೆ. ಹಸಿ ರಕ್ತದ ವಾಸನೆ. ಬಾಯಿ ಪಶ್ಚಿಮಕ್ಕಿತ್ತು, ಯಮಕನಮರಡಿಯ ಕಡೆಗೆ.

ಕೈಯಲ್ಲಿನ ಫೋನು ಇನ್ನೂ ಚಾಲೂ ಇತ್ತು. “ಕಬ್ಬಿನಾಗ ಹೊಕ್ಕ… ಕಾಣವಲ್ಲ… ಬರೇ ಕಬ್ಬು ಅಲಗ್ಯಾಡತೈತಿ…”

ಹನ್ನೆರಡಕ್ಕೆ ಒಂದು ನಿಮಿಷ.

“ನೀ ಯಾರನ್ನೂ ಕೊಂದಿಲ್ಲ!”

ಬಂದೂಕು ಕೇಳಲಿಲ್ಲ. ಪಿನ್ನಿಲ್ಲದ ಯಂತ್ರ ತನ್ನಷ್ಟಕ್ಕೆ ಹಿಂದೆ ಸರಿಯಿತು. ಯಾರೂ ಮುಟ್ಟಿರಲಿಲ್ಲ. ಸವೆದ ಕಟ್ಟಿಗೆ ಕಾಣದ ಹೆಗಲಿಗೆ ಒರಗಿದಂತೆ ಎದ್ದಿತು. ಟ್ರಿಗರು ಮೆಲ್ಲಗೆ ಒಳಕ್ಕೆ ಹೋಗತೊಡಗಿತು. ಕೂದಲೆಳೆಯಷ್ಟು. ಇನ್ನಷ್ಟು. ಸ್ವಪ್ನಿಲ್ ಹಿಂದೆ ಹಿಂದೆ ಸರಿದು ಗೋಡೆಗೆ ಬಡಿದ.

ಅವಳು ಹೆಸರು ಹೇಳಿದಳು. ಪೂರ್ತಿ ಹೆಸರು. ಆಯಿ ಕೊಟ್ಟಂತೆಯೇ.

“…ನ ನೀ ಕೊಂದಿಲ್ಲ. ಅಂಥಾಂವ ಯಾರೂ ಇದ್ದಿಲ್ಲ.”

ಟಕ್.

ಕಟ್ಟಿಗೆ ಮೇಜಿಗೆ ಬಿತ್ತು. ಕಾವು ಇಳಿಯಿತು. ನಳಿಗೆಯಿಂದ ಒಂದು ಹಿಡಿ ಮಣ್ಣು ಹೊರಗೆ ಸುರಿಯಿತು. ಒಣ ಮಣ್ಣು, ಎಲ್ಲ ಹೊಲದಲ್ಲೂ ಇರುವಂಥದು.

ಫೋನಿನಲ್ಲಿ ಗಂಡಸಿನ ದೊಡ್ಡ ದನಿ ಕೇಳಿಸಿತು. “ಯವ್ವಾ, ಇಲ್ಲ್ಯಾಕ ಬಂದೇನಿ ನಾ? ನೀ ಯಾಕ ಅಳಾಕತ್ತಿ?” ಅನುರಾಧಾ ನೆಲದ ಮೇಲೆ ಕೂತುಬಿಟ್ಟಳು. ಅಪ್ಪ ಇದ್ದರು. ಅಪ್ಪನಿಗೆ ದನಿ ಇತ್ತು.

“ಯಾಕ ಅಳಾಕತ್ತೇನಿ ಗೊತ್ತಾಗವಲ್ದಪ್ಪಾ,” ಎನ್ನುತ್ತಿದ್ದಳು ಕೆಂಪವ್ವ. “ಯಾರಿಗಿ ಅಳಾಕತ್ತೇನಿ, ನೆನಪ ಆಗವಲ್ದು.”

ಅದೇ ಸಂಜೆ ಲಕ್ಕವ್ವ ಜೀಪು ಮಾಡಿಕೊಂಡು ಬಂದು, ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು, ಯಾರೊಂದಿಗೂ ಒಂದು ಮಾತಾಡದೆ ಮೇಲವಂಕಿಗೆ ಒಯ್ದಳು. ಮರುದಿನದಿಂದ ಕೆಲಸಕ್ಕೆ ಬರಬೇಡಿ ಎಂದು ಸ್ವಪ್ನಿಲ್ ಹೇಳಿ ಕಳಿಸಿದ. ತಾನು ಏನನ್ನೂ ನೋಡಿಲ್ಲವೆಂದೂ ಹೇಳಿಸಿದ.

ಎರಡು ವಾರ ಕಳೆದು ಅನುರಾಧಾ ಆಯಿಯನ್ನು ಹುಕ್ಕೇರಿಯ ಕಚೇರಿಗೆ ಕರೆದೊಯ್ದಳು. ಆಧಾರ ಕಾರ್ಡಿನಲ್ಲಿ ಹೆಸರು ತಪ್ಪಿದೆಯೆಂದು ಮುದುಕಿಯ ಪೆನ್ಶನ್ ನಿಂತಿತ್ತು. ಮೂರು ಕಿಟಕಿ ಸುತ್ತಿಸಿ ನಾಲ್ಕನೆಯದರಲ್ಲಿ ಅರ್ಜಿ ತೆಗೆದುಕೊಂಡರು.

“ಇದೊಂದು ತುಂಬಿಲ್ಲಲ್ಲ,” ಗುಮಾಸ್ತ ಪೆನ್ನಿನಿಂದ ಕುಟ್ಟಿದ. “ತಂದಿ ಹೆಸರು?”

“ಬಸಲಿಂಗಪ್ಪ,” ಎಂದಳು ಕೆಂಪವ್ವ.

“ಅದು ಗಂಡನ ಹೆಸರಾತ್ರಿ ಆಯಿ, ಮ್ಯಾಲ ಬರದೀರಿ. ನಿಮ್ಮಪ್ಪನ ಹೆಸರು ಹೇಳ್ರಿ. ಲಗೂ, ಹಿಂದ ಮಂದಿ ನಿಂತೈತಿ.”

ಕೆಂಪವ್ವ ಮೊಮ್ಮಗಳ ಕಡೆ ತಿರುಗಿದಳು. ಅನುರಾಧಾ ಬಾಯಿ ತೆರೆದಳು. ಆ ಮಧ್ಯಾಹ್ನ ತಾನು ಒಂದು ಹೆಸರು ಕೂಗಿದ್ದು ಅವಳಿಗೆ ನೆನಪಿತ್ತು. ಕೂಗಿದಾಗ ಗಂಟಲು ಉರಿದದ್ದೂ ನೆನಪಿತ್ತು. ನಾಲಿಗೆಯ ಮೇಲೆ ಒಂದು ಅಕ್ಷರವೂ ಇರಲಿಲ್ಲ.

“ಒಬ್ಬಾಂವ ಇದ್ದಿರಬೇಕಲ್ಲವ್ವಾ?” ಮುದುಕಿ ಪಿಸುಗುಟ್ಟಿದಳು. “ನಾ ಹೆಂಗ ಹುಟ್ಟಿದೆ?”

ಗುಮಾಸ್ತ ಇನ್ನೊಂದು ಗಳಿಗೆ ಕಾದ. ಆಮೇಲೆ ಆ ಖಾಲಿ ಚೌಕದಲ್ಲಿ ಅಡ್ಡಗೆರೆ ಎಳೆದು, ಮುಂದಿನವರನ್ನು ಕರೆದ.